ಬಿಲ್ ನಂಬರ್ 14 ಎಲ್ಲಿ ಹೋಯ್ತು? – ಸ್ಪ್ರಿಂಗ್ ಬೂಟ್ ಕಲಿಕೆ, ಮೂರನೇ ತಿಂಗಳು

ಮಾವನ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯಲು ಕೂತು ಮೂರು ತಿಂಗಳಾಯಿತು. ಈ ತಿಂಗಳ ಬಹುಪಾಲು ಕಾಣೆಯಾದ ಒಂದು ಬಿಲ್ ನಂಬರ್ ಹಿಂದೆ ಹೋಯಿತು. ಅದನ್ನು ಹುಡುಕುತ್ತಾ ಕಲಿತಷ್ಟನ್ನು ಹಿಂದಿನ ಎರಡು ತಿಂಗಳು ವಿಡಿಯೋ ನೋಡಿ ಕಲಿತಿರಲಿಲ್ಲ.

ಈಗಷ್ಟೇ ಓದಲು ಶುರು ಮಾಡಿದವರಿಗೆ ಸ್ವಲ್ಪ ಹಿನ್ನೆಲೆ. ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಟೆಸ್ಟರ್. ಬೇರೆಯವರು ಬರೆದದ್ದನ್ನು ಪರೀಕ್ಷೆ ಮಾಡುವುದು ಕೆಲಸ. ನಾನೇ ಒಂದು ಅಪ್ಲಿಕೇಶನ್ ಪೂರ್ತಿ ಬರೆಯಬೇಕು ಅನ್ನುವ ಆಸೆ ಬಹಳ ದಿನದ್ದು. ಮಾವನದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಎಲೆಕ್ಟ್ರಿಕಲ್ ಹೋಲ್‌ಸೇಲ್ ಅಂಗಡಿ. ವೈರ್ ಕಾಯಿಲ್, ಸ್ವಿಚ್ಚು, ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್ಚು), ಪಿವಿಸಿ ಪೈಪು. ಎರಡು ಕೌಂಟರ್, ಒಂದು ಗೋಡೌನ್, ಉದ್ದರಿಗೆ ಒಂದು ದಪ್ಪ ಲೆಡ್ಜರ್. ಅಂಗಡಿ ಚಿಕ್ಕದು. ಆದರೆ ಎಂಟರ್‌ಪ್ರೈಸ್ ಸಾಫ್ಟ್‌ವೇರ್‌ನ ತಲೆನೋವೆಲ್ಲ ಇಲ್ಲೂ ಇದೆ. ಒಂದೇ ಮಾಲನ್ನು ಇಬ್ಬರು ಒಟ್ಟಿಗೆ ಮಾರುತ್ತಾರೆ, ದುಡ್ಡಿನ ಲೆಕ್ಕ ಪೈಸೆಗೂ ತಪ್ಪಬಾರದು, ವರ್ಷಗಟ್ಟಲೆ ದಾಖಲೆ ಇರಬೇಕು, ತೆರಿಗೆ ಕಾನೂನು ಬೇರೆ.

ಬಳಸುತ್ತಿರುವುದು ಜಾವಾ 21 ಭಾಷೆ, ಅದರಲ್ಲಿ ಅಪ್ಲಿಕೇಶನ್ ಕಟ್ಟಲು ಸ್ಪ್ರಿಂಗ್ ಬೂಟ್ 3 ಎಂಬ ಚೌಕಟ್ಟು, ಮಾಹಿತಿ ಇಡಲು ಪೋಸ್ಟ್‌ಗ್ರೆಸ್ ಡೇಟಾಬೇಸ್. ಪರದೆಗಳಿಗೆ ಥೈಮ್‌ಲೀಫ್. ಪರದೆ ಬರೆಯುವ ಇನ್ನೊಂದು ದಾರಿಯಾದ ರಿಯಾಕ್ಟ್ ಕಲಿಯುವ ಆಸೆ ಇದೆ, ಆದರೆ ಸ್ಪ್ರಿಂಗ್, ರಿಯಾಕ್ಟ್ ಎರಡನ್ನೂ ಒಟ್ಟಿಗೆ ಹಿಡಿದರೆ ಯಾವುದೂ ದಕ್ಕುವುದಿಲ್ಲ ಅನ್ನಿಸಿತು.

ಸ್ಪ್ರಿಂಗ್ ಶುರು ಮಾಡುವವರು ಒಂದು ವಿಷಯ ಮೊದಲೇ ತಿಳಿದಿರಲಿ. ಹಳೆಯ ಪಾಠ ನೋಡಿ ಟೈಪ್ ಮಾಡಿದರೆ 'ಜಾವಾಎಕ್ಸ್' ಎಂದು ಶುರುವಾಗುವ ಹೆಸರುಗಳಿರುವ ಹಲವು ಸಾಲುಗಳು ತಪ್ಪು ಎಂದು ಕೆಂಪಾಗುತ್ತವೆ. ತಪ್ಪು ನಿಮ್ಮದಲ್ಲ. ದೊಡ್ಡ ಅಪ್ಲಿಕೇಶನ್‌ಗಳಿಗಾಗಿ ಇದ್ದ ಜಾವಾ ಇಇಯನ್ನು ಎಕ್ಲಿಪ್ಸ್ ಫೌಂಡೇಶನ್‌ಗೆ ಕೊಡುತ್ತೇವೆ ಎಂದು ಒರಾಕಲ್ 2017ರಲ್ಲಿ ಹೇಳಿತು. ಅದರ ಹೆಸರು ಜಕಾರ್ತಾ ಇಇ ಆಯಿತು, ಆಮೇಲೆ ಅದರ ಪ್ಯಾಕೇಜ್‌ಗಳ (ಕೋಡ್ ಗುಂಪುಗಳ) ಹೆಸರೂ 'ಜಾವಾಎಕ್ಸ್'ನಿಂದ 'ಜಕಾರ್ತಾ'ಗೆ ಬದಲಾಯಿತು. 2022ರ ನವೆಂಬರ್‌ನಲ್ಲಿ ಬಂದ ಸ್ಪ್ರಿಂಗ್ ಬೂಟ್ 3 ಆ ಹೊಸ ಹೆಸರಿಗೆ ಹೋಯಿತು, ಜೊತೆಗೆ ಕನಿಷ್ಠ ಜಾವಾ 17 ಬೇಕು ಎಂದಿತು. ಹಾಗಾಗಿ ಪಾಠ ಯಾವ ವರ್ಷದ್ದು ಅಂತ ನೋಡಿಕೊಂಡೇ ಕೂರಿ.

ಈಗ ಆ ನಂಬರ್ ವಿಷಯ.

ಒಂದು ಭಾನುವಾರ ಅಂಗಡಿ ಮುಚ್ಚಿತ್ತು. ಲ್ಯಾಪ್‌ಟಾಪ್ ಹಿಡಿದು ಹಸಿರು ಮಾರ್ಗದ ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋದೆ. ಮಾವ ಕನ್ನಡಕ ಹಾಕಿಕೊಂಡು ತಾವೇ ಬಿಲ್ ಹಾಕತೊಡಗಿದರು. ಒಂದು ಬಿಲ್‌ಗೆ 12 ಕಾಯಿಲ್ ವೈರ್ ಹಾಕಿದರು. ದಾಸ್ತಾನಿನಲ್ಲಿ ಇದ್ದದ್ದು 10. 'ದಾಸ್ತಾನು ಸಾಲದು' ಎಂದು ಪರದೆ ಹೇಳಿತು, ಏನೂ ಸೇವ್ ಆಗಲಿಲ್ಲ. ನನಗೆ ಖುಷಿ. ಮಾವ ಮುಂದಿನ ಬಿಲ್ ಹಾಕಿ, ಪಟ್ಟಿ ನೋಡಿ ನಿಂತರು.

"13 ಇದೆ, 15 ಇದೆ. 14 ಎಲ್ಲಮ್ಮ?"

"ಅದು ಆಗ್ಲಿಲ್ವಲ್ಲ ಮಾವ, ಸ್ಟಾಕ್ ಇರ್ಲಿಲ್ಲ."

"ಆಗದೇ ಇರೋ ಬಿಲ್‌ಗೆ ನಂಬರ್ ಯಾಕೆ ಕೊಟ್ಟೆ?"

ಮಾವ ಡ್ರಾಯರ್‌ನಿಂದ ಹಳೆಯ ಬಿಲ್ ಬುಕ್ ತೆಗೆದು ತೋರಿಸಿದರು. ರದ್ದಾದ ಬಿಲ್ ಒಂದನ್ನೂ ಹರಿದು ಬಿಸಾಕಿಲ್ಲ. ಮೂಲ ಪ್ರತಿ, ಕಾರ್ಬನ್ ಪ್ರತಿ ಎರಡಕ್ಕೂ ಪಿನ್ ಹೊಡೆದು, ಅಡ್ಡಗೆರೆ ಎಳೆದು 'ರದ್ದು' ಎಂದು ಬರೆದಿದ್ದಾರೆ. ಜಿಎಸ್‌ಟಿ ನಿಯಮ 46 ಹೇಳುವುದೂ ಇದನ್ನೇ: ಬಿಲ್ ಸಂಖ್ಯೆ ಅನುಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು, ಆ ಹಣಕಾಸು ವರ್ಷದಲ್ಲಿ ಮತ್ತೆ ಬರಬಾರದು. ಮಾರಾಟದ ವಿವರ ಸಲ್ಲಿಸುವ ಜಿಎಸ್‌ಟಿಆರ್-1 ರಿಟರ್ನ್‌ನ 13ನೇ ಕೋಷ್ಟಕದಲ್ಲಿ ಎಲ್ಲಿಂದ ಎಲ್ಲಿವರೆಗೆ ಬಿಲ್ ಹಾಕಿದ್ದೀರಿ, ಎಷ್ಟು ರದ್ದಾಗಿವೆ ಅಂತ ತೋರಿಸಬೇಕು. ನನ್ನ 14 ಹಾಕಿದ್ದೂ ಅಲ್ಲ, ರದ್ದಾದದ್ದೂ ಅಲ್ಲ. ಆಡಿಟರ್ ಕೇಳಿದರೆ ಮಾವ ಏನು ಹೇಳಬೇಕು?

ಮನೆಗೆ ಬಂದು ಹುಡುಕಿದೆ. ನಂಬರ್‌ಗೆ ಪೋಸ್ಟ್‌ಗ್ರೆಸ್ ಸೀಕ್ವೆನ್ಸ್ (ಕೇಳಿದಾಗಲೆಲ್ಲ ಮುಂದಿನ ಸಂಖ್ಯೆ ಕೊಡುವ ಎಣಿಕೆ) ಬಳಸಿದ್ದೆ. ಟ್ರಾನ್ಸಾಕ್ಷನ್, ಅಂದರೆ ಪೂರ್ತಿ ಆಗಬೇಕು ಇಲ್ಲವೇ ಏನೂ ಆಗಬಾರದು ಅನ್ನುವ ಕೆಲಸಗಳ ಗುಂಪು, ವಿಫಲವಾದರೆ ಎಲ್ಲವೂ ಹಿಂದಕ್ಕೆ ಹೋಗುತ್ತದೆ ಎಂದುಕೊಂಡಿದ್ದೆ. ಸೀಕ್ವೆನ್ಸ್ ಮಾತ್ರ ಹೋಗುವುದಿಲ್ಲ. ಅದು ಬಗ್ ಅಲ್ಲ, ಅದನ್ನು ಮಾಡಿರುವುದೇ ಹಾಗೆ. ಬ್ಯಾಂಕಿನಲ್ಲಿ ಟೋಕನ್ ಹರಿದುಕೊಂಡ ಹಾಗೆ. 14 ಹಿಡಿದವರು ಎದ್ದು ಹೋದರೂ 15 ಆಗಲೇ ಇನ್ನೊಬ್ಬರ ಕೈಯಲ್ಲಿರುತ್ತದೆ. 14 ವಾಪಸ್ ಬರುತ್ತದೋ ಇಲ್ಲವೋ ಎಂದು ಎಲ್ಲರನ್ನೂ ಕಾಯಿಸಿದರೆ ಸಾಲು ಮುಂದೆ ಹೋಗುವುದಿಲ್ಲ. ಒಳಗಿನ ಐಡಿಗೆ ಸೀಕ್ವೆನ್ಸ್ ಚೆನ್ನಾಗಿಯೇ ಇದೆ, ಅದನ್ನು ಹಾಗೇ ಬಿಟ್ಟೆ. ಬಿಲ್ ನಂಬರ್‌ಗೆ ಬೇರೆ ದಾರಿ ಬೇಕಿತ್ತು.

ಒಂದು ಪುಟ್ಟ ಟೇಬಲ್ ಮಾಡಿದೆ. ಒಂದು ಹಣಕಾಸು ವರ್ಷಕ್ಕೆ ಒಂದು ಸಾಲು, ಅದರಲ್ಲಿ ಕೊನೆಯ ನಂಬರ್. ಬಿಲ್ ಹಾಕುವಾಗ ಆ ಸಾಲಿಗೆ ಬೀಗ ಹಾಕಿ, ಒಂದು ಕೂಡಿಸಿ, ನಂಬರ್ ತೆಗೆದುಕೊಳ್ಳಬೇಕು. ಜಾವಾದಿಂದ ಡೇಟಾಬೇಸ್ ಬಳಸುವ ಜೆಪಿಎಯಲ್ಲಿ ಇದಕ್ಕೆ ಪೆಸಿಮಿಸ್ಟಿಕ್ ಲಾಕ್ ಎನ್ನುತ್ತಾರೆ, ಡೇಟಾಬೇಸ್‌ಗೆ ಹೋಗುವುದು 'ಸೆಲೆಕ್ಟ್ ಫಾರ್ ಅಪ್‌ಡೇಟ್' ಎಂಬ ಆದೇಶ. ಬಿಲ್ ವಿಫಲವಾದರೆ ಕೂಡಿಸಿದ ಒಂದೂ ವಾಪಸ್ ಹೋಗುತ್ತದೆ. ಬೀಗ ಟ್ರಾನ್ಸಾಕ್ಷನ್ ಮುಗಿಯುವವರೆಗೂ ಬಿಡುವುದಿಲ್ಲ, ಅಷ್ಟು ಹೊತ್ತು ಎರಡನೇ ಕೌಂಟರ್ ಕಾಯುತ್ತದೆ. ಅದಕ್ಕೇ ದಾಸ್ತಾನು, ತೆರಿಗೆ ಎಲ್ಲ ಮುಗಿಸಿ ನಂಬರನ್ನು ಕಟ್ಟಕಡೆಗೆ ತೆಗೆದುಕೊಳ್ಳುವ ಹಾಗೆ ಬರೆದೆ.

ಓಡಿಸಿದರೆ, ಟ್ರಾನ್ಸಾಕ್ಷನ್ನೇ ಇಲ್ಲ ಎಂದು ಎರರ್! ಮೆಥಡ್ (ಒಂದು ಕೆಲಸ ಮಾಡುವ ಕೋಡ್ ತುಂಡು) ಮೇಲೆ 'ಟ್ರಾನ್ಸಾಕ್ಷನಲ್' ಎಂದು ಬರೆದಿದ್ದೇನೆ, ಕಣ್ಣೆದುರಿಗೇ ಇದೆ. ಎರಡು ರಾತ್ರಿ ಇದರಲ್ಲೇ ಹೋಯಿತು. ಕಾರಣ ತಿಳಿದಾಗ ಸ್ಪ್ರಿಂಗ್ ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲ ಸಲ ಅರ್ಥವಾಯಿತು. ಸ್ಪ್ರಿಂಗ್ ನಮ್ಮ ಕ್ಲಾಸ್ (ಮೆಥಡ್‌ಗಳನ್ನು ಒಟ್ಟಿಗೆ ಇಡುವ ಕೋಡ್) ಮುಂದೆ ಕಾವಲಿನ ಹಾಗೆ ಒಂದು ಪ್ರಾಕ್ಸಿ ನಿಲ್ಲಿಸುತ್ತದೆ. ಹೊರಗಿನಿಂದ ಬಂದ ಕರೆ ಅದನ್ನು ದಾಟಿ ಒಳಗೆ ಬರುತ್ತದೆ. ಟ್ರಾನ್ಸಾಕ್ಷನ್ ಶುರು ಮಾಡುವುದು, ಮುಗಿಸುವುದು ಎಲ್ಲ ಆ ಪ್ರಾಕ್ಸಿಯ ಕೆಲಸ. ನಾನು ಅದೇ ಕ್ಲಾಸ್‌ನ ಒಂದು ಮೆಥಡ್‌ನಿಂದ ಇನ್ನೊಂದನ್ನು ಕರೆದಿದ್ದೆ. ಮನೆಯೊಳಗೆ ಅಡುಗೆಮನೆಯಿಂದ ಹಾಲ್‌ಗೆ ಹೋಗುವವರನ್ನು ಗೇಟಿನ ವಾಚ್‌ಮನ್ ನೋಡುವುದಿಲ್ಲ, ಅಲ್ವಾ? ಹಾಗೆಯೇ ಇಲ್ಲೂ. ಬಿಲ್ ಹಾಕುವ ಮೆಥಡನ್ನು ಬೇರೆ ಸರ್ವಿಸ್ ಕ್ಲಾಸ್‌ಗೆ ತೆಗೆದಿಟ್ಟೆ, ಸರಿಹೋಯಿತು.

ಅಲ್ಲೇ ಇನ್ನೊಂದು ಸಿಕ್ಕಿತು. ಜಾವಾದಲ್ಲಿ ಎಕ್ಸೆಪ್ಶನ್, ಅಂದರೆ ಕೋಡ್ ಓಡುವಾಗ ಬರುವ ಎರರ್, ಎರಡು ಜಾತಿ: ನಿಭಾಯಿಸುತ್ತೇವೆ ಎಂದು ಕೋಡ್‌ನಲ್ಲಿ ಹೇಳಲೇಬೇಕಾದ ಚೆಕ್ಡ್, ಹಾಗೆ ಹೇಳಬೇಕಿಲ್ಲದ ರನ್‌ಟೈಮ್. ಸ್ಪ್ರಿಂಗ್ ತಾನಾಗಿ ರೋಲ್‌ಬ್ಯಾಕ್ (ಎಲ್ಲವನ್ನೂ ಹಿಂದಕ್ಕೆ) ಮಾಡುವುದು ರನ್‌ಟೈಮ್ ಎಕ್ಸೆಪ್ಶನ್ ಬಂದಾಗ. ಚೆಕ್ಡ್ ಎಕ್ಸೆಪ್ಶನ್ ಬಂದರೆ ನಾವು ಬೇರೆ ಹೇಳದಿದ್ದರೆ ಕಮಿಟ್ ಮಾಡಿ, ಅಂದರೆ ಆದಷ್ಟನ್ನು ಉಳಿಸಿಬಿಡುತ್ತದೆ. 'ದಾಸ್ತಾನು ಸಾಲದು' ಎಕ್ಸೆಪ್ಶನ್ ಅದೃಷ್ಟಕ್ಕೆ ರನ್‌ಟೈಮ್ ಜಾತಿಯದಾಗಿತ್ತು. ಇಲ್ಲದಿದ್ದರೆ ಅರ್ಧ ಬಿಲ್ ಸೇವ್ ಆಗಿ ಕೂತಿರುತ್ತಿತ್ತು.

ಟೆಸ್ಟರ್ ಆದ ನನಗೆ ಇಷ್ಟಕ್ಕೆ ಸಮಾಧಾನ ಇರಲಿಲ್ಲ. ಮೊದಲು ಎಚ್2 ಎಂಬ ಮೆಮೊರಿ ಡೇಟಾಬೇಸ್‌ನಲ್ಲಿ ಟೆಸ್ಟ್ ಮಾಡುತ್ತಿದ್ದೆ. ಬೀಗದ ನಡವಳಿಕೆ ನೋಡಬೇಕೆಂದರೆ ನಿಜವಾದ ಪೋಸ್ಟ್‌ಗ್ರೆಸ್ಸೇ ಬೇಕು. ಟೆಸ್ಟ್‌ಕಂಟೇನರ್ಸ್ ಎಂಬ ಉಪಕರಣ ಹಾಕಿದೆ. ಅದು ಡಾಕರ್‌ನಲ್ಲಿ (ಸಾಫ್ಟ್‌ವೇರನ್ನು ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ವ್ಯವಸ್ಥೆಯಲ್ಲಿ) ಪೋಸ್ಟ್‌ಗ್ರೆಸ್ ಎಬ್ಬಿಸಿ, ಟೆಸ್ಟ್ ಮುಗಿದ ಮೇಲೆ ತಾನೇ ತೆಗೆದುಬಿಡುತ್ತದೆ. 50 ಥ್ರೆಡ್ (ಒಂದೇ ಸಮಯದಲ್ಲಿ ಓಡುವ ಕೆಲಸಗಳು) ಒಟ್ಟಿಗೆ ಬಿಲ್ ಹಾಕುವ ಟೆಸ್ಟ್ ಬರೆದೆ. ಮೊದಲ ಓಟದಲ್ಲೇ 'ಡೆಡ್‌ಲಾಕ್'. ಒಂದು ಬಿಲ್‌ನಲ್ಲಿ ವೈರ್ ಮೊದಲು, ಸ್ವಿಚ್ಚು ಆಮೇಲೆ. ಇನ್ನೊಂದರಲ್ಲಿ ಸ್ವಿಚ್ಚು ಮೊದಲು. ಒಬ್ಬರ ದಾಸ್ತಾನಿನ ಸಾಲಿಗೆ ಇನ್ನೊಬ್ಬರು ಕಾಯುತ್ತಾ ನಿಂತಿದ್ದರು. ಪೋಸ್ಟ್‌ಗ್ರೆಸ್ ಅದನ್ನು ಗುರುತಿಸಿ ಒಂದನ್ನು ಕೈಬಿಟ್ಟಿತ್ತು. ಯಾವ ಬಿಲ್ ಆದರೂ ಐಟಂಗಳನ್ನು ಐಡಿ ಪ್ರಕಾರ ಜೋಡಿಸಿಕೊಂಡು ದಾಸ್ತಾನು ಇಳಿಸುವ ಹಾಗೆ ಮಾಡಿದೆ. ಮತ್ತೆ ಓಡಿಸಿದೆ. ಬೇಕಂತಲೇ ಕೆಲವು ಬಿಲ್ ವಿಫಲವಾಗುವ ಹಾಗೆ ಮಾಡಿಯೂ ಓಡಿಸಿದೆ. 1, 2, 3 ಎಂದು ಒಂದೂ ತಪ್ಪದೆ ಬಂದ ಪಟ್ಟಿಯನ್ನು ಫೋಟೋ ತೆಗೆದು ಮಾವನಿಗೆ ಕಳಿಸಿದೆ. "14 ಇದೆ" ಎಂದಷ್ಟೇ ಉತ್ತರ ಬಂತು. ಆ ಎರಡು ಪದಕ್ಕೆ ನನಗಾದ ಸಂತೋಷ ಬರೆದು ಹೇಳಲು ಆಗುವುದಿಲ್ಲ.

ಪೈಸೆ ಲೆಕ್ಕವೂ ಈ ತಿಂಗಳೇ ಸರಿಯಾಯಿತು. ದುಡ್ಡಿಗೆ ದಶಮಾಂಶವನ್ನು ಅಂದಾಜಾಗಿ ಇಡುವ ಡಬಲ್ ಬಳಸಬೇಡಿ, ನಿಖರವಾಗಿ ಇಡುವ ಬಿಗ್‌ಡೆಸಿಮಲ್ ಬಳಸಿ ಅನ್ನುವುದು ಎಲ್ಲರೂ ಹೇಳುವ ಮಾತು. ಎಲ್ಲಿ ರೌಂಡ್ ಮಾಡಬೇಕು ಅನ್ನುವುದೂ ಅಷ್ಟೇ ಮುಖ್ಯ. 10.50 ರೂಪಾಯಿಯ ಮೂರು ಐಟಂ ತಗೊಳ್ಳಿ. ಜಿಎಸ್‌ಟಿಯಲ್ಲಿ ಕೇಂದ್ರದ ಪಾಲು ಶೇ. 9. ಒಂದೊಂದು ಸಾಲಿಗೆ 0.945, ರೌಂಡ್ ಮಾಡಿದರೆ 0.95, ಮೂರಕ್ಕೆ 2.85. ಒಟ್ಟು 31.50ಕ್ಕೆ ಲೆಕ್ಕ ಹಾಕಿದರೆ 2.835, ಅಂದರೆ 2.84. ಬಿಲ್‌ನಲ್ಲಿ ಒಂದು, ರಿಪೋರ್ಟ್‌ನಲ್ಲಿ ಇನ್ನೊಂದು ಬಂದರೆ ತಿಂಗಳ ಕೊನೆಗೆ ಲೆಕ್ಕ ತಾಳೆಯಾಗುವುದಿಲ್ಲ. ಎರಡೂ ಕಡೆ ಸಾಲಿನ ಮಟ್ಟದಲ್ಲೇ ರೌಂಡ್ ಮಾಡುವುದು ಎಂದು ಮಾವನ ಹತ್ತಿರ ಕೂತು ತೀರ್ಮಾನಿಸಿದೆ.

ಡೇಟಾಬೇಸ್ ಟೇಬಲ್‌ಗಳ ಬದಲಾವಣೆಗಳನ್ನು ಫೈಲ್‌ಗಳಾಗಿ ಒಂದೊಂದಾಗಿ ಓಡಿಸುವ ಫ್ಲೈವೇ ಕೂಡ ಹಾಕಿದ್ದೇನೆ. ಒಮ್ಮೆ ಓಡಿದ ಫೈಲನ್ನು ತಿದ್ದಬೇಡಿ, ಚೆಕ್‌ಸಮ್ (ಫೈಲ್ ಬದಲಾಗಿದೆಯೇ ಎಂದು ತಿಳಿಸುವ ಗುರುತು) ಹೊಂದದೆ ಅಪ್ಲಿಕೇಶನ್ ಏಳುವುದೇ ಇಲ್ಲ. ಬದಲಾವಣೆಗೆ ಹೊಸ ಫೈಲ್ ಬರೆಯಿರಿ.

ಇನ್ನು ಬಾಕಿ ಇರುವುದು ಏಪ್ರಿಲ್ 1. ಅಂದು ಹೊಸ ವರ್ಷದ ಸಾಲು ಟೇಬಲ್‌ನಲ್ಲಿ ಇರುವುದಿಲ್ಲ. ಇಲ್ಲದ ಸಾಲಿಗೆ ಬೀಗ ಹಾಕಲು ಆಗುವುದಿಲ್ಲ. ಎರಡೂ ಕೌಂಟರ್‌ನಲ್ಲಿ ಬೆಳಿಗ್ಗೆ ಒಂದೇ ಕ್ಷಣಕ್ಕೆ ಮೊದಲ ಬಿಲ್ ಹಾಕಿದರೆ ಇಬ್ಬರೂ ಹೊಸ ಸಾಲು ಸೇರಿಸಲು ಹೋಗುತ್ತಾರೆ. ವರ್ಷದ ಕಾಲಂಗೆ ಯೂನಿಕ್ ಕನ್‌ಸ್ಟ್ರೇಂಟ್ (ಒಂದೇ ವರ್ಷ ಎರಡು ಸಲ ಬರದಂತೆ ತಡೆ) ಹಾಕಿ, 'ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್' (ಆಗಲೇ ಇದ್ದರೆ ಸುಮ್ಮನಿರು) ಜೊತೆ ಮೊದಲು ಸೇರಿಸಿ, ಆಮೇಲೆ ಬೀಗ ಹಾಕುವ ಯೋಚನೆ ಇದೆ. ಅದಕ್ಕೂ 50 ಥ್ರೆಡ್‌ನ ಟೆಸ್ಟ್ ಬರೆಯಬೇಕು. ಈ ಶನಿವಾರ ಬೆಳಿಗ್ಗೆ ಅದಕ್ಕೇ ಕೂರುತ್ತೇನೆ.