ಆರಾಮ ಅದೀನವ್ವ

ನಮ್ಮೂರು ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನಲ್ಲಿದೆ. ಗುಳೆ ಹೋಗುವುದು ನಮ್ಮ ಕಡೆ ಹೊಸದಲ್ಲ. ಹಿಂದೆ ಮನೆ ಮಂದಿಯೆಲ್ಲ ಹೋಗಿ, ಮಳೆಗಾಲಕ್ಕೆ ಬಿತ್ತನೆ ಮಾಡಲು ವಾಪಸ್ ಬರುತ್ತಿದ್ದರು. ಈಗ ನನ್ನ ವಯಸ್ಸಿನವರು ಒಬ್ಬೊಬ್ಬರೇ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಬರುತ್ತೇವೆ. ನಾನು ಬಂದಿದ್ದು ವೈರಿಂಗ್ ಕೆಲಸಕ್ಕೆ.

ಮೊದಲು ಕೆಟ್ಟಿದ್ದು ನಿದ್ದೆ. ಮೈ ದಣಿದಿರುತ್ತದೆ, ಕಣ್ಣು ಮುಚ್ಚುವುದಿಲ್ಲ. ಊರಲ್ಲಿ ಬೇಸಿಗೆ ಬಂದರೆ ಮಾಳಿಗೆ ಮೇಲೆ ಮಲಗುತ್ತಿದ್ದೆವು. ಇಲ್ಲಿ ತಗಡಿನ ಶೆಡ್. ಒಬ್ಬ ನೈಟ್ ಶಿಫ್ಟ್ ಮುಗಿಸಿ ಬರುವಾಗ ಇನ್ನೊಬ್ಬ ಏಳುತ್ತಾನೆ. ಆಮೇಲೆ ಎದೆ ಬಿಗಿಯಿತು, ತಲೆ ಭಾರ, ಊಟ ಸೇರಲಿಲ್ಲ. ಕ್ಲಿನಿಕ್‌ನಲ್ಲಿ ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟರು. ನಮ್ಮವರು ಮನಸ್ಸಿನ ಸಂಕಟವನ್ನು ಹೊಟ್ಟೆನೋವು, ಸೊಂಟನೋವು ಅಂತಲೇ ಹೇಳುತ್ತಾರೆ. ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಹುಚ್ಚ ಅಂತಾರೆ ಅನ್ನುವ ಭಯ.

ಅವ್ವ ದಿನಾ ಸಂಜೆ ಫೋನ್ ಮಾಡುತ್ತಾಳೆ.

"ಉಂಡೇನಪ್ಪಾ?"

"ಹೂಂ, ಆರಾಮ ಅದೀನವ್ವ."

ಅವಳಿಗೆ ಬಿ.ಪಿ. ಏರಿದ್ದು ನನಗೆ ಗೊತ್ತಾಗಿದ್ದು ಪಕ್ಕದ ಮನೆಯವರಿಂದ. ನಾನು ಹೆದರಬಾರದು ಅಂತ ಅವಳು ಮುಚ್ಚಿಟ್ಟಳು, ಅವಳು ಅಳಬಾರದು ಅಂತ ನಾನು. ಊರಲ್ಲಿ ಮುಖ ಬಾಡಿಸಿಕೊಂಡು ಕಟ್ಟೆ ಮೇಲೆ ಕೂತರೆ ಸಾಕು, ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಾರೆ. ಶೆಡ್‌ನಲ್ಲಿರುವ ಹುಡುಗರೂ ಒಳ್ಳೆಯವರೇ. ಆದರೆ ಅವರೂ ದಣಿದಿರುತ್ತಾರೆ, ಅಲ್ವಾ? ಬಿಟ್ಟು ಹೋಗೋಣ ಅಂದರೆ ತಂಗಿ ಮದುವೆಗೆ ತಗೊಂಡ ಅಡ್ವಾನ್ಸ್ ತೀರಬೇಕು.

ನಮ್ಮ ಮೇಸ್ತ್ರಿ 14416 ನಂಬರ್ ಕೊಟ್ಟರು. ಅದು ಟೆಲಿ ಮಾನಸ್, ಮನಸ್ಸಿನ ಸಂಕಟಕ್ಕೆ ಫೋನಿನಲ್ಲೇ ನೆರವಾಗುವ ಸಹಾಯವಾಣಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ಶೆಡ್‌ನಲ್ಲಿ ಮಾತಾಡಲು ಮರೆ ಎಲ್ಲಿದೆ? ಇನ್ನೂ ಗೋಡೆ ಎದ್ದಿರದ ಮಹಡಿಗೆ ಹೋಗಿ ಮಾತಾಡಿದೆ. ಆ ಕಡೆಯಿದ್ದ ಅಕ್ಕ ಮೊದಲು ಕೇಳಿದ್ದೇ ನಿದ್ದೆ ಬಗ್ಗೆ. ನನಗೆ ಅಳು ಬಂತು. ಆಮೇಲೆ ಆಸ್ಪತ್ರೆಗೆ ಹೋದೆ, ಈಗ ನಿದ್ದೆ ಬರುತ್ತಿದೆ.

ಊರೂರಲ್ಲೇ ಮನಸ್ಸಿಗೆ ಚಿಕಿತ್ಸೆ ಕೊಡುವ ಜಿಲ್ಲಾ ಮಾದರಿಯನ್ನು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ನಮ್ಮ ಕಡೆಯ ಬಳ್ಳಾರಿಯಲ್ಲೇ ಮಾಡಿ ತೋರಿಸಿದ್ದರು. ಅಂಥದ್ದು ಕಟ್ಟಡ ಕೆಲಸದ ಜಾಗಕ್ಕೂ ಬರಬೇಕು. ವಾರಕ್ಕೊಂದು ರಜೆ, ಮಲಗಲು ಗಾಳಿಯಾಡುವ ಜಾಗ ಕೊಡದೆ ಬರೀ ಮಾತ್ರೆ ಕೊಟ್ಟರೆ ಸಾಲದು.

ದೇವದುರ್ಗದ ಹುಡುಗನೊಬ್ಬ ಹೊಸದಾಗಿ ಬಂದಿದ್ದಾನೆ. ಊಟ ಬಿಟ್ಟು ಸುಮ್ನೆ ಕೂತಿರುತ್ತಾನೆ. ನಂಬರ್ ಕೊಟ್ಟಿದ್ದೇನೆ. ಭಾನುವಾರ ಅವನನ್ನೂ ಕರೆದುಕೊಂಡು ರೊಟ್ಟಿ ಊಟಕ್ಕೆ ಹೋಗುತ್ತೇನೆ.