ಕಾಯುವ ಕಾಲದಲ್ಲೂ ಕೆಲಸ ಬೇಕು

‘ನಿರಾಶ್ರಿತ’ ಎಂಬ ನಮ್ಮ ಪದದ ನೇರ ಅರ್ಥ ಆಶ್ರಯವಿಲ್ಲದವನು ಎಂದು. ಆದರೆ ಕಾನೂನಿನ ಮಾತಿಗೆ ಬಂದಾಗ ಅದೇ ಪದವನ್ನು ನಾವು ಆಶ್ರಯಕ್ಕೆ ಹಕ್ಕುಳ್ಳವನಿಗೆ ಬಳಸುತ್ತೇವೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದೋ ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು ಅಥವಾ ರಾಜಕೀಯ ಅಭಿಪ್ರಾಯ, ಇವುಗಳ ಕಾರಣದಿಂದ ಕಿರುಕುಳಕ್ಕೆ ಗುರಿಯಾಗುವೆನೆಂಬ ಸಕಾರಣವಾದ ಭಯವಿದ್ದು, ತನ್ನ ದೇಶದಿಂದ ಹೊರಗಿರುವವನನ್ನು 1951ರ ನಿರಾಶ್ರಿತರ ಒಪ್ಪಂದವು ನಿರಾಶ್ರಿತನೆಂದು ಗುರುತಿಸುತ್ತದೆ. ಆ ಮಾನ್ಯತೆಗಾಗಿ ಅರ್ಜಿ ಹಾಕಿ, ಉತ್ತರದ ದಾರಿ ಕಾಯುತ್ತಿರುವವನು ಆಶ್ರಯಾರ್ಥಿ. ಈ ಎರಡು ಹೆಸರುಗಳ ನಡುವೆ ಇರುವ ಕಾಯುವಿಕೆ ಎಷ್ಟು ದೀರ್ಘವಾದದ್ದು, ಅದು ಮನುಷ್ಯನನ್ನು ಎಷ್ಟು ಸವೆಸುತ್ತದೆ ಎಂಬುದು ನನಗೆ ತಿಳಿದದ್ದು ಆಶ್ರಯಾರ್ಥಿಗಳಿಗೆ ಭಾಷೆ ಕಲಿಸುವ ಒಂದು ತರಗತಿಯಲ್ಲಿ ಸ್ವಯಂಸೇವೆ ಮಾಡತೊಡಗಿದ ಮೇಲೆ.

ಮೊದಲ ದಿನ ಹಾಜರಿ ಪಟ್ಟಿಯನ್ನು ನೋಡಿದಾಗ ಹಲವರ ಜನ್ಮದಿನ ಜನವರಿ 1 ಎಂದಿತ್ತು. ಜನನ ದಾಖಲೆ ಇಲ್ಲದವರಿಗೆ, ವರ್ಷ ಮಾತ್ರ ಗೊತ್ತಿರುವವರಿಗೆ ಅಧಿಕಾರಿಗಳು ಬರೆದುಕೊಳ್ಳುವ ದಿನಾಂಕ ಅದು. ಪ್ರತಿಯೊಬ್ಬರ ಕೈಯಲ್ಲೂ ಒಂದು ಪ್ಲಾಸ್ಟಿಕ್ ಫೈಲು ಇರುತ್ತಿತ್ತು. ಬಿಡುವಿನ ವೇಳೆಗೆ ಹೊರಗೆ ಹೋಗುವಾಗಲೂ ಅದನ್ನು ಮೇಜಿನ ಮೇಲೆ ಬಿಟ್ಟುಹೋಗುತ್ತಿರಲಿಲ್ಲ, ಎದೆಗವಚಿಕೊಂಡೇ ಹೋಗುತ್ತಿದ್ದರು.

ಅವರಲ್ಲೊಬ್ಬರು ತಮ್ಮ ದೇಶದಲ್ಲಿ ಇಪ್ಪತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು. ತರಗತಿಯ ಟ್ಯೂಬ್‌ಲೈಟ್ ಒಂದು ತಿಂಗಳುಗಟ್ಟಲೆ ಮಿಣುಕುತ್ತಿತ್ತು. ಅವರು ಪ್ರತಿ ಸಲವೂ ತಲೆಯೆತ್ತಿ ಅದನ್ನು ನೋಡಿ, ಸ್ಟಾರ್ಟರ್ ಬದಲಿಸಿದರೆ ಸಾಕು ಎಂದು ಕೈಸನ್ನೆಯಲ್ಲಿ ತೋರಿಸುತ್ತಿದ್ದರು. ಅದನ್ನು ಮುಟ್ಟಲು ಕಟ್ಟಡದವರು ಒಪ್ಪಲಿಲ್ಲ. ಒಂದು ದಿನ ಉದ್ಯೋಗದ ಬಗ್ಗೆ ಒಂದು ವಾಕ್ಯ ಬರೆಯಲು ಹೇಳಿದಾಗ ಅವರು ತಾವು ಎಲೆಕ್ಟ್ರಿಷಿಯನ್ ‘ಆಗಿದ್ದೆ’ ಎಂಬರ್ಥದಲ್ಲಿ ಬರೆದರು. ವ್ಯಾಕರಣ ತಪ್ಪಿದೆಯೆಂದು ಭಾವಿಸಿ ನಾನು ಅದನ್ನು ವರ್ತಮಾನಕಾಲಕ್ಕೆ ತಿದ್ದಿದೆ. ಅವರು ನನ್ನ ತಿದ್ದುಪಡಿಯನ್ನು ಹೊಡೆದುಹಾಕಿ, ಮತ್ತೆ ಭೂತಕಾಲವನ್ನೇ ಬರೆದಿಟ್ಟರು.

ಅಂದಿನಿಂದ ನನಗೆ ಈ ವಿಷಯದಲ್ಲಿ ಒಂದು ಖಚಿತ ಅಭಿಪ್ರಾಯವಿದೆ. ಶಿಬಿರದಲ್ಲಿಡದೆ, ಬೀಗ ಹಾಕದೆ, ಜನರ ನಡುವೆ ಮನೆ ಕೊಟ್ಟ ಮಾತ್ರಕ್ಕೆ ಒಬ್ಬನಿಗೆ ಸಮಾಜದಲ್ಲಿ ಬಾಳಲು ಅವಕಾಶ ಕೊಟ್ಟಂತಾಗುವುದಿಲ್ಲ. ನೆರೆಯವರೆಲ್ಲರೂ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಬೀದಿಯಲ್ಲಿ, ದುಡಿಯಬಾರದೆಂಬ ಷರತ್ತಿನ ಮೇಲೆ ಕಿಟಕಿಯ ಬಳಿ ಕುಳಿತಿರುವವನು ಆ ಬೀದಿಗೆ ಸೇರಿದವನಾಗುವುದು ಹೇಗೆ? ಒಪ್ಪಂದದ 33ನೇ ವಿಧಿ ಅವನನ್ನು ಅಪಾಯದ ಕಡೆಗೆ ಮರಳಿ ಅಟ್ಟದಂತೆ ಕಾಪಾಡುತ್ತದೆ. ಆದರೆ ಉದ್ಯೋಗಕ್ಕೆ ಸಂಬಂಧಿಸಿದ 17ನೇ ವಿಧಿ ಕಾನೂನುಬದ್ಧವಾಗಿ ನೆಲೆಸಿರುವ ನಿರಾಶ್ರಿತರ ಬಗ್ಗೆ ಮಾತನಾಡುತ್ತದೆಯೇ ಹೊರತು, ಕಾಯುತ್ತಿರುವವರ ವಿಷಯವನ್ನು ಬಹುಮಟ್ಟಿಗೆ ಆಯಾ ಸರ್ಕಾರಗಳ ವಿವೇಚನೆಗೇ ಬಿಟ್ಟಂತಾಗಿದೆ. ಆಶ್ರಯಾರ್ಥಿಯ ಅರ್ಜಿ 12 ತಿಂಗಳು ಇತ್ಯರ್ಥವಾಗದೆ ಉಳಿದರೆ ಮಾತ್ರ ಅವನು ಕೆಲಸಕ್ಕೆ ಅನುಮತಿ ಕೇಳಬಹುದು ಎಂಬುದು ಬ್ರಿಟನ್ನಿನ ನಿಯಮವಾಗಿತ್ತು; ಅನುಮತಿ ಸಿಕ್ಕರೂ ಸರ್ಕಾರದ ಪಟ್ಟಿಯಲ್ಲಿರುವ ಉದ್ಯೋಗಗಳಿಗೆ ಮಾತ್ರ.

ಕೆಲಸ ಕೊಟ್ಟರೆ ಇನ್ನಷ್ಟು ಜನ ಬರುತ್ತಾರೆ ಎಂಬ ವಾದವನ್ನು ನಾನು ಬಹಳ ಸಲ ಕೇಳಿದ್ದೇನೆ. ನಮ್ಮ ತರಗತಿಗೆ ಬರುತ್ತಿದ್ದವರಲ್ಲಿ ಈ ನಿಯಮವನ್ನು ಮೊದಲೇ ತಿಳಿದು ಬಂದವರು ಒಬ್ಬರೂ ಇರಲಿಲ್ಲ. ಜೀವ ಉಳಿಸಿಕೊಳ್ಳಲು ಓಡುವವರು ಉದ್ಯೋಗದ ಕಾಯಿದೆಗಳನ್ನು ಓದಿಕೊಂಡು ಹೊರಡುವುದಿಲ್ಲ. ಸ್ಥಳೀಯರ ಕೂಲಿ ಇಳಿಯುತ್ತದೆಂಬ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕದ್ದುಮುಚ್ಚಿ ಅರ್ಧ ಕೂಲಿಗೆ ದುಡಿಯಬೇಕಾಗಿ ಬರುವುದು ಅನುಮತಿ ಇಲ್ಲದವನಿಗೇ, ಅವನು ಯಾರ ಬಳಿಯೂ ದೂರು ಹೇಳಿಕೊಳ್ಳಲಾರ.

ಬೇರೆ ದಾರಿಗಳು ಇಲ್ಲವೆಂದಲ್ಲ. 2022ರಲ್ಲಿ ಉಕ್ರೇನಿನಿಂದ ಲಕ್ಷಾಂತರ ಜನ ಹೊರಟಾಗ ಐರೋಪ್ಯ ಒಕ್ಕೂಟವು, 2001ರಲ್ಲೇ ರೂಪಿಸಿ ಒಮ್ಮೆಯೂ ಬಳಸದೆ ಇಟ್ಟಿದ್ದ ತಾತ್ಕಾಲಿಕ ರಕ್ಷಣೆಯ ನಿರ್ದೇಶನವನ್ನು ಕೆಲವೇ ದಿನಗಳಲ್ಲಿ ಜಾರಿಗೆ ತಂದಿತು. ವಾಸ, ಶಾಲೆ, ಚಿಕಿತ್ಸೆಗಳ ಜೊತೆಗೆ ದುಡಿಯುವ ಹಕ್ಕನ್ನೂ ಅವರಿಗೆ ಕೊಟ್ಟಿತು. ಅದು ಅತ್ಯಂತ ಸರಿಯಾದ ನಿರ್ಧಾರ. ಅದೇ ದೇಶಗಳಲ್ಲಿ ಬೇರೆ ಯುದ್ಧಗಳಿಂದ ತಪ್ಪಿಸಿಕೊಂಡು ಬಂದವರು ಅದೇ ಹೊತ್ತಿನಲ್ಲಿ ಅನುಮತಿಗಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದರು ಎಂಬುದು ನನ್ನನ್ನು ಈಗಲೂ ನೋಯಿಸುತ್ತದೆ. ಉಗಾಂಡಾ ಶ್ರೀಮಂತ ದೇಶವಲ್ಲ. 15 ಲಕ್ಷಕ್ಕೂ ಹೆಚ್ಚು ನಿರಾಶ್ರಿತರಿರುವ ಆ ದೇಶದ 2006ರ ಕಾಯಿದೆ ಅವರಿಗೆ ದುಡಿಯುವ ಮತ್ತು ಓಡಾಡುವ ಹಕ್ಕು ನೀಡುತ್ತದೆ. ವಸತಿ ಪ್ರದೇಶಗಳಲ್ಲಿ ಉಳಲು ತುಂಡು ನೆಲವನ್ನೂ ಕೊಡುತ್ತಾರೆ, ಜನ ಹೆಚ್ಚಿದಂತೆ ಆ ತುಂಡು ಚಿಕ್ಕದಾಗುತ್ತಿದ್ದರೂ. ಕೆನಡಾದಲ್ಲಿ 1970ರ ದಶಕದ ಕೊನೆಯಿಂದ 2024ರವರೆಗೆ ಐದು ಜನ ನಾಗರಿಕರು ಒಟ್ಟುಗೂಡಿ ಒಂದು ನಿರಾಶ್ರಿತ ಕುಟುಂಬದ ಮೊದಲ ವರ್ಷದ ಹೊಣೆ ಹೊರಬಹುದಾಗಿತ್ತು. ಹೀಗೆ 3 ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ನೆಲೆ ಕಂಡಿದ್ದಾರೆ.

ನಮ್ಮ ಎಲೆಕ್ಟ್ರಿಷಿಯನ್‌ಗೆ ಎರಡು ವರ್ಷ ಕಳೆದ ಮೇಲೆ ಪತ್ರ ಬಂತು. ಅದನ್ನು ಮಗಳು ಓದಿ ಹೇಳಿದಳಂತೆ. ಆಸ್ಪತ್ರೆಯಲ್ಲೂ ಕಚೇರಿಯಲ್ಲೂ ಅಪ್ಪನ ಪರವಾಗಿ ಮಾತನಾಡಿ ಅಭ್ಯಾಸವಾಗಿದ್ದ ಹನ್ನೊಂದು ವರ್ಷದ ಮಗು ಅದು. ಅವರ ಹಳೆಯ ಪ್ರಮಾಣಪತ್ರಕ್ಕೆ ಇಲ್ಲಿ ಬೆಲೆಯಿಲ್ಲದ ಕಾರಣ ಮತ್ತೆ ಪರೀಕ್ಷೆ ಬರೆಯಬೇಕಾಗಿದೆ. ತರಗತಿ ಮುಗಿದ ಮೇಲೆ ನಾವಿಬ್ಬರೂ ಅರ್ಧ ಗಂಟೆ ಹೆಚ್ಚು ಕುಳಿತು ಪಠ್ಯಪುಸ್ತಕದ ಪದಗಳನ್ನು ಕಲಿಯುತ್ತೇವೆ. ಅವುಗಳಲ್ಲಿ ಅರ್ಧದಷ್ಟು ನನಗೂ ಹೊಸವು. ನಾನು ಪದವನ್ನು ಓದುತ್ತೇನೆ, ಅವರು ಚಿತ್ರ ಬರೆದು ಆ ಉಪಕರಣ ಏನು ಮಾಡುತ್ತದೆಂದು ನನಗೆ ವಿವರಿಸುತ್ತಾರೆ.