ಹುಣಸೆ ಬೀಜದ ಮಡ್: ಕೆಲಸ ಎಲ್ಲಿಗೆ ಬಂತು

ಎಣ್ಣೆ ಬಾವಿ ಕೊರೆಯುವ ಮಡ್‌ಗೆ ಹುಣಸೆ ಬೀಜದ ಪುಡಿ ಬೆರೆಸಿ ನೋಡುತ್ತಿದ್ದೇನೆ. ಅದು ಈಗ ನೀರು ಬಿಡುವುದು ಚೆನ್ನಾಗಿ ಕಮ್ಮಿಯಾಗಿದೆ. ಉಳಿದಿರುವ ತಲೆನೋವು ಅದು ಕೊಳೆಯುವುದು.

ಹೊಸದಾಗಿ ಓದುವವರಿಗೆ ಒಂದು ಮಾತು. ಎಣ್ಣೆ ಬಾವಿ ಕೊರೆಯುವಾಗ ಪೈಪಿನೊಳಗಿಂದ ಕೆಸರಿನಂಥ ದ್ರವ ಇಳಿಸುತ್ತಾರೆ, ಅದೇ ಮಡ್. ಅದು ಕಲ್ಲಿನ ಚೂರನ್ನು ಮೇಲಕ್ಕೆ ಹೊತ್ತು ತರಬೇಕು, ಕೊರೆಯುವ ತುದಿಯಾದ ‘ಬಿಟ್’ ಅನ್ನು ತಣ್ಣಗಿಡಬೇಕು. ಬಾವಿಯ ಗೋಡೆಗೆ ತೆಳ್ಳಗೆ ಮೆತ್ತಿಕೊಂಡು, ತನ್ನ ನೀರು ಬಂಡೆಯೊಳಗೆ ಸೋರದಂತೆ ತಡೆಯಬೇಕು. ನಮ್ಮ ಬೋರ್‌ವೆಲ್ ಲಾರಿಗಳನ್ನು ನೋಡಿದವರಿಗೆ ಇದು ವಿಚಿತ್ರ ಅನ್ನಿಸಬಹುದು. ಗಟ್ಟಿ ಬಂಡೆಯಲ್ಲಿ ಅವು ಗಾಳಿಯಿಂದಲೇ ಕೊರೆಯುತ್ತವೆ ಅಲ್ವಾ?

ಮಡ್‌ಗೆ ಪಿಷ್ಟ, ಗೋರಿಕಾಯಿ ಜಾತಿಯ ಗ್ವಾರ್ ಗೋಂದು, ಕ್ಸಾಂಥನ್ ಎಂಬ ಇನ್ನೊಂದು ಗೋಂದು ಹಾಕುವುದು ಹಳೆಯ ರೂಢಿ. ಹುಣಸೆ ಬೀಜವನ್ನು ಧನಬಾದ್‌ನ ಇಂಡಿಯನ್ ಸ್ಕೂಲ್ ಆಫ್ ಮೈನ್ಸ್‌ನವರು 2004ರಲ್ಲೇ ಬೆಂಟೋನೈಟ್ ಎಂಬ ಜೇಡಿಮಣ್ಣಿನ ಜೊತೆ ಪರೀಕ್ಷಿಸಿ ಪ್ರಕಟಿಸಿದ್ದಾರೆ. ನಮ್ಮಲ್ಲಿ ಕಂಬಳಿಗೆ ಗಂಜಿ ಹಾಕುವುದೂ ಇದರಿಂದಲೇ. ತುಮಕೂರಿನ ಕಡೆ ಬೀಜಕ್ಕೇನು ಬರವಿಲ್ಲ.

ಬೆಂಟೋನೈಟ್ ತಂದಿದ್ದು ಅರ್ಥಿಂಗ್ ಗುಂಡಿಗೆ ಮಾರುವ ಅಂಗಡಿಯಿಂದ. ಅಳತೆ 350 ಮಿಲಿ ನೀರಿಗೆ 22.5 ಗ್ರಾಂ, ಕಲಸಿ ರಾತ್ರಿಯಿಡೀ ನೆನೆಸಬೇಕು. ಈ 350ರ ಲೆಕ್ಕ ನನಗೆ ಬಹಳ ಇಷ್ಟ. ಅಷ್ಟು ನೀರಿಗೆ 1 ಗ್ರಾಂ ಹಾಕಿದರೆ ಬಾವಿ ಕೊರೆಯುವ ರಿಗ್‌ನಲ್ಲಿ ಬ್ಯಾರಲ್‌ಗೆ 1 ಪೌಂಡ್ ಹಾಕಿದಂತೆ. ಮಡ್ ಎಷ್ಟು ದಪ್ಪ ಅಂತ ಅಳೆಯುವ ಆಲಿಕೆ, ಮಾರ್ಷ್ ಫನೆಲ್, ಸರಿಯಿದೆಯಾ ಅಂತ ಮೊದಲು ಬರೀ ನೀರಿನಲ್ಲಿ ನೋಡಿಕೊಂಡೆ. 946 ಮಿಲಿ ಇಳಿಯಲು 26 ಸೆಕೆಂಡ್ ಹಿಡಿಯಬೇಕು.

ಬೀಜದ್ದೇ ದೊಡ್ಡ ಕಥೆ. ಹುರಿದು, ಕಂದು ಸಿಪ್ಪೆ ಕಳಚಿ, ಬಿಳಿ ಬೇಳೆ ಬೀಸಬೇಕು. ಬೀಸಿದ ಪುಡಿ ತಣ್ಣೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಕುದಿಸಿದರೆ ಮಾತ್ರ ಲೋಳೆ ಬಿಡುತ್ತದೆ. ಬೇಕೆಂದೇ ಸಿಪ್ಪೆ ಸಮೇತ ಬೀಸಿದ ಪುಡಿಯನ್ನೂ ಹಾಕಿ ನೋಡಿದೆ. ಆ ಮಡ್ ಫನೆಲ್‌ನಿಂದ ಬೇಗ ಇಳಿಯಿತು. ಸಿಪ್ಪೆಯಲ್ಲಿ ಟ್ಯಾನಿನ್ ಇದೆ, ಅದೇ ಕಾರಣ ಅಂತ ನನ್ನ ಊಹೆ. ಕ್ವೆಬ್ರಾಚೊ ಮರದ ಟ್ಯಾನಿನ್ನನ್ನು ಹಿಂದೆ ಮಡ್ ತೆಳ್ಳಗಾಗಿಸಲೆಂದೇ ಬಳಸುತ್ತಿದ್ದರು. ಅಂದರೆ ಒಂದೇ ಬೀಜದಲ್ಲಿ ದಪ್ಪ ಮಾಡುವುದೂ ಇದೆ, ತೆಳ್ಳಗೆ ಮಾಡುವುದೂ ಇದೆ! ಸಿಪ್ಪೆ ಎಸೆಯದೆ ಬೇರೆ ಡಬ್ಬಿಗೆ ತುಂಬಿಟ್ಟಿದ್ದೇನೆ.

ಸೋಸುವ ಪರೀಕ್ಷೆಗೆ ಉಕ್ಕಿನ ಪೈಪ್ ತುಂಡಿಗೆ ಎರಡೂ ಕಡೆ ಫ್ಲೇಂಜ್ (ಬೋಲ್ಟ್ ಹಾಕುವ ಚಪ್ಪಟೆ ಬಳೆ) ಹಾಕಿಸಿದ್ದೇನೆ. ಕೆಳಗೆ ಫಿಲ್ಟರ್ ಪೇಪರ್, ಮೇಲಿಂದ ಟೈರ್ ಅಂಗಡಿಯ ಕಂಪ್ರೆಸರ್ ಗಾಳಿ. 100 ಪಿಎಸ್‌ಐ ಒತ್ತಡ, 30 ನಿಮಿಷ. ಒತ್ತಡವೂ ಸಮಯವೂ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಹೇಳಿದ್ದೇ, ಆದರೆ ಪೈಪಿನ ಅಗಲ ಬೇರೆ. ಹಾಗಾಗಿ ಸೋಸಿ ಬಂದ ನೀರಿನ ನನ್ನ ಮಿಲಿ ಲೆಕ್ಕವನ್ನು ಬೇರೆಯವರ ಲೆಕ್ಕದ ಜೊತೆ ಹೋಲಿಸಬೇಡಿ. ಬರೀ ಬೆಂಟೋನೈಟ್ ಆದಾಗ ಪೇಪರ್ ಮೇಲೆ ಮಡ್ ಪದರ ದಪ್ಪ ಸೆಟ್ ದೋಸೆ ಹಾಗೆ ಕೂತಿತ್ತು. ಬೀಜದ ಲೋಳೆ ಸೇರಿದ ಮೇಲೆ ಪದರ ತೆಳ್ಳಗೆ, ನುಣ್ಣಗೆ ಬಂತು.

ಇನ್ನು ಕೊಳೆಯುವ ವಿಷಯ. ಮುಚ್ಚಿಟ್ಟ ಮಡ್ ಕೆಲವೇ ದಿನಕ್ಕೆ ಹುಳಿ ವಾಸನೆ ಹೊಡೆದು ನೀರಾಯಿತು. ಬ್ಯಾಕ್ಟೀರಿಯಾ ತಿನ್ನುತ್ತದೆ ಅನ್ನುವುದಕ್ಕೇ ಇದನ್ನು ಪರಿಸರಸ್ನೇಹಿ ಅನ್ನುವುದು. ಆದರೆ ಬಾವಿ ಮುಗಿಯುವ ಮೊದಲೇ ತಿಂದರೆ ಏನು ಪ್ರಯೋಜನ? ರಿಗ್‌ನಲ್ಲಾದರೆ ಗ್ಲುಟರಾಲ್ಡಿಹೈಡ್‌ನಂಥ ವಿಷ ಹಾಕುತ್ತಾರೆ. ಅದನ್ನು ಸುರಿದು ಮೇಲೆ ಹಸಿರು ಚೀಟಿ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಬ್ಯಾಕ್ಟೀರಿಯಾ ತಡೆಯಲು ಸುಣ್ಣ ಹಾಕಿದರೆ ಅದರ ಕ್ಯಾಲ್ಸಿಯಂ ಬೆಂಟೋನೈಟನ್ನೇ ಕೆಡಿಸುತ್ತದೆ. ಈಗ ಕಾಸ್ಟಿಕ್ ಸೋಡಾದಿಂದ ಪಿಎಚ್ (ಕ್ಷಾರತೆ) ಏರಿಸಿದ ಒಂದು ಡಬ್ಬಿ, ಹಾಗೇ ಬಿಟ್ಟ ಒಂದು ಡಬ್ಬಿ ಪಕ್ಕಪಕ್ಕ ಇಟ್ಟಿದ್ದೇನೆ.

ಮುಂದಿನದು ಶಾಖ. ನೆಲದೊಳಗೆ ನೂರು ಮೀಟರಿಗೆ ಸಾಮಾನ್ಯವಾಗಿ 3 ಡಿಗ್ರಿಯಷ್ಟು ಬಿಸಿ ಏರುತ್ತದೆ. 3000 ಮೀಟರಿನಲ್ಲಿ ನೂರು ಡಿಗ್ರಿ ದಾಟುತ್ತದೆ, ಅಲ್ಲಿ ಗೋಂದುಗಳು ಸೋಲತೊಡಗುತ್ತವೆ. ವಿಸಿಲ್ ಹೊಡೆಯುವ ಪ್ರೆಶರ್ ಕುಕ್ಕರ್ ಒಳಗೆ ಸುಮಾರು 120 ಡಿಗ್ರಿ ಇರುತ್ತದೆ. ಅಡುಗೆಗೆ ಬೇಡವಾದ ಒಂದು ಹಳೆಯ ಕುಕ್ಕರ್ ಸಿಕ್ಕಿದೆ, ಗ್ಯಾಸ್ಕೆಟ್ ಮಾತ್ರ ಹೊಸದು ತರಬೇಕು.